ಓದಿನ ಹಬ್ಬ: ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಗೊಂದು ಸಮಗ್ರ ಮಾರ್ಗದರ್ಶಿ

ಬಹುಮಾನ ವಿತರಣೆ ಎಂದರೆ ಬಹುತೇಕ ಶಾಲೆಗಳಲ್ಲಿ ಪ್ರತಿ ವರ್ಷ ಅದೇ ಎಂಟು–ಹತ್ತು ಮಕ್ಕಳು ವೇದಿಕೆ ಹತ್ತುತ್ತಾರೆ, ಉಳಿದವರು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ಓದಿನ ಹಬ್ಬ ಹಾಗಾಗಬಾರದು. ಜೂನ್‌ನಲ್ಲಿ ಅಕ್ಷರ ಗುರುತಿಸಲು ತಡವರಿಸುತ್ತಿದ್ದ ಮಗು ಜನವರಿಯಲ್ಲಿ ನಾಲ್ಕು ಸಾಲು ಓದಿದರೆ, ಮೊದಲಿನಿಂದಲೂ ಸರಾಗವಾಗಿ ಓದುವ ಮಗುವಿಗೆ ಸಲ್ಲುವಷ್ಟೇ ಸಂಭ್ರಮ ಅದಕ್ಕೂ ಸಲ್ಲಬೇಕು. ಇಲ್ಲಿ ಹೇಳುವುದೆಲ್ಲ ಒಂದೇ ನಿಯಮದ ಸುತ್ತ ಇದೆ: ಹಬ್ಬದ ದಿನ ಶಾಲೆಯ ಪ್ರತಿ ಮಗುವೂ ಒಬ್ಬರ ಎದುರು ಕೂತು ಓದಬೇಕು, ತಾನು ಎಲ್ಲಿಂದ ಎಲ್ಲಿಗೆ ಬಂದೆ ಎಂಬುದು ಅದಕ್ಕೆ ತಿಳಿಯಬೇಕು. ಬಲೂನು, ಬ್ಯಾನರು, ಅತಿಥಿಗಳು ಇದ್ದರೆ ಸರಿ, ಇಲ್ಲದಿದ್ದರೂ ಹಬ್ಬ ನಡೆಯುತ್ತದೆ.

ಲೆಕ್ಕಗಳನ್ನು 1ರಿಂದ 4ನೇ ತರಗತಿಯ 120 ಮಕ್ಕಳು, ನಾಲ್ವರು ಶಿಕ್ಷಕರು ಎಂದು ಹಿಡಿದು ಕೊಟ್ಟಿದೆ. ನಿಮ್ಮ ಶಾಲೆ ಚಿಕ್ಕದಿದ್ದರೆ ಕೆಲಸ ಇನ್ನೂ ಸುಲಭ.

ದಿನ ಯಾವುದು?

ಮಹಾರಾಷ್ಟ್ರದಲ್ಲಿ ಅಕ್ಟೋಬರ್ 15, ಅಬ್ದುಲ್ ಕಲಾಂ ಅವರ ಜನ್ಮದಿನ, ‘ವಾಚನ ಪ್ರೇರಣಾ ದಿನ’. ಶಾಲೆಗಳು ಅಂದು ಹೇಗೂ ಏನಾದರೊಂದು ಕಾರ್ಯಕ್ರಮ ಮಾಡಬೇಕು. ಆದರೆ ಹಬ್ಬವನ್ನೇ ಅಂದು ಇಟ್ಟುಕೊಂಡರೆ ಸತ್ರ (ಅರ್ಧವಾರ್ಷಿಕ) ಪರೀಕ್ಷೆ, ದೀಪಾವಳಿ ರಜೆ ಎರಡೂ ಅಡ್ಡ ಬರುತ್ತವೆ. ಅದಕ್ಕೂ ಮುಂಚೆ ಮಾಡೋಣವೆಂದರೆ ಮಳೆ ಮತ್ತು ಗಣೇಶ ಚತುರ್ಥಿ. ನವೆಂಬರ್ 1ರ ರಾಜ್ಯೋತ್ಸವವೂ ಎಷ್ಟೋ ವರ್ಷ ರಜೆಯ ಆಸುಪಾಸಿಗೇ ಬೀಳುತ್ತದೆ.

ಹಾಗಾಗಿ ಅಕ್ಟೋಬರ್ 15ರಂದು ಹಬ್ಬವನ್ನು ಘೋಷಿಸಿ, ದೀಪಾವಳಿ ರಜೆ ಮುಗಿದ ಮೇಲೆ ಆರು ವಾರ ಓದಿಸಿ, ಜನವರಿ 3 ಅಥವಾ ಅದಕ್ಕೆ ಹತ್ತಿರದ ಶನಿವಾರ ಹಬ್ಬ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಅನುಕೂಲ. ಜನವರಿ 3 ಸಾವಿತ್ರಿಬಾಯಿ ಫುಲೆಯವರ ಜನ್ಮದಿನ. 1848ರಲ್ಲಿ ಪುಣೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ನಿಂತವರ ದಿನದಂದು ಮಕ್ಕಳ ಓದಿನ ಹಬ್ಬ ನಡೆದರೆ ಅದಕ್ಕೊಂದು ಅರ್ಥವೂ ಇರುತ್ತದೆ. ಆ ಹೊತ್ತಿಗೆ ಹವೆಯೂ ಒಣಗಿರುತ್ತದೆ, ಅಂಗಳ ಬಳಸಬಹುದು.

ಮೊದಲ ವಾರ: ಯಾವ ಮಗು ಎಲ್ಲಿದೆ?

ಇದನ್ನು ಬಿಟ್ಟರೆ ಮುಂದಿನದೆಲ್ಲ ಗಾಳಿಗುದ್ದು. ಒಂದೊಂದೇ ಮಗುವನ್ನು ಕರೆದು ನಾಲ್ಕು ನಿಮಿಷ ಓದಿಸಿ. 120 ಮಕ್ಕಳಿಗೆ ಒಟ್ಟು 8 ಗಂಟೆ ಬೇಕು. ನಾಲ್ವರೂ ಹಂಚಿಕೊಂಡರೆ ತಲಾ 2 ಗಂಟೆ, ದಿನಕ್ಕೆ 25 ನಿಮಿಷದಂತೆ ಐದು ದಿನದಲ್ಲಿ ಮುಗಿಯುತ್ತದೆ. ತರಗತಿಯ ಒಳಗೆ ಬೇಡ, ವರಾಂಡದಲ್ಲಿ ಕೂರಿಸಿ. ಗೆಳೆಯರ ಮುಂದೆ ತಡವರಿಸಿದ ಮಗು ಮುಂದಿನ ಆರು ವಾರ ಬಾಯಿ ಬಿಡುವುದಿಲ್ಲ.

ಕನ್ನಡಕ್ಕೆ ಆರು ಮೆಟ್ಟಿಲು ಸಾಕು:

1. ಬಿಡಿ ಅಕ್ಷರಗಳು
2. ಕಾಗುಣಿತ
3. ಒತ್ತಕ್ಷರವಿಲ್ಲದ ಪದಗಳು, ಸಾಲುಗಳು
4. ಸಜಾತೀಯ ಒತ್ತು: ಅಕ್ಕ, ಬೆಕ್ಕು, ರೊಟ್ಟಿ
5. ವಿಜಾತೀಯ ಒತ್ತು ಮತ್ತು ಅರ್ಕಾವತ್ತು: ಪುಸ್ತಕ, ರಾತ್ರಿ, ಸೂರ್ಯ
6. ಅರ್ಥವಾಗುವಂತೆ ಒಂದು ಪುಟ್ಟ ಕಥೆ

ಮೂರನೆಯ ಮೆಟ್ಟಿಲಿಗೆ ಇಂಥ ಸಾಲುಗಳನ್ನು ನೀವೇ ಬರೆದುಕೊಳ್ಳಬಹುದು: “ಮಳೆ ಬಂತು. ದಾರಿ ತುಂಬ ನೀರು. ಗೀತಾ ಕೊಡೆ ಹಿಡಿದು ಶಾಲೆಗೆ ಹೊರಟಳು. ಗಾಳಿಗೆ ಕೊಡೆ ಹಾರಿ ಹೋಯಿತು.” ನಾಲ್ಕನೆಯದಕ್ಕೆ: “ಅಜ್ಜಿ ರೊಟ್ಟಿ ತಟ್ಟಿದಳು. ಬೆಕ್ಕು ಮೆಲ್ಲಗೆ ಬಂದು ಕುಳಿತಿತ್ತು.” ಬರೆಯುವ ಕೈಯೂ ಇಂಥ ಪದಗಳಲ್ಲಿ ಒತ್ತು ಬಿಡುವುದುಂಟು, ಆದ್ದರಿಂದ ಹಾಳೆ ಮುದ್ರಿಸುವ ಮುನ್ನ ಇನ್ನೊಬ್ಬ ಶಿಕ್ಷಕರಿಂದ ಒಮ್ಮೆ ಓದಿಸಿ.

ಪಠ್ಯಪುಸ್ತಕದ ಪಾಠವನ್ನು ಮಾತ್ರ ಕೊಡಬೇಡಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪಾಠ ಎಷ್ಟೋ ಮಕ್ಕಳಿಗೆ ಬಾಯಿಪಾಠ ಬಂದಿರುತ್ತದೆ, ಕಣ್ಣು ಎಲ್ಲೋ ಇರುತ್ತದೆ, ಬಾಯಿ ಓದುತ್ತಿರುತ್ತದೆ. ಅನುಮಾನ ಬಂದರೆ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಅದೊಂದನ್ನೇ ಓದಲು ಹೇಳಿ. ಓದು ಬಂದಿದೆಯೋ ಇಲ್ಲವೋ ಅಷ್ಟಕ್ಕೇ ಗೊತ್ತಾಗುತ್ತದೆ.

ವೇಗದ ಬಗ್ಗೆ ಒಂದು ಮಾತು. ಮಕ್ಕಳ ಆರಂಭಿಕ ಓದು–ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ 3ನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಗುರಿ ಇಟ್ಟಿದೆ. ಕನ್ನಡದಲ್ಲಿ ‘ಹೋಗಬೇಕಾಗಿತ್ತೆಂದು’ ಎಂಬುದು ಒಂದೇ ಪದ. ಹಿಂದಿಯಲ್ಲಿ ಅಷ್ಟನ್ನೇ ಹೇಳಲು ಮೂರು–ನಾಲ್ಕು ಪದ ಬೇಕು. ಗಡಿಯಾರ ಹಿಡಿಯಿರಿ, ಆದರೆ ಒಂದೇ ಹಾಳೆಯನ್ನು ಮಗು ನವೆಂಬರಿನಲ್ಲಿ ಎಷ್ಟು ಹೊತ್ತಿಗೆ ಓದಿತ್ತು, ಈಗ ಎಷ್ಟು ಹೊತ್ತಿಗೆ ಓದುತ್ತದೆ ಎಂದು ನೋಡಲಷ್ಟೇ. ಒಂದು ಮಗುವಿನ ನಿಮಿಷವನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಪುಸ್ತಕ ಎಲ್ಲಿಂದ, ಎಷ್ಟು?

120 ಮಕ್ಕಳಿಗೆ 150 ಪ್ರತಿಗಳಿದ್ದರೆ ಆರು ವಾರ ಸಾಗುತ್ತದೆ. 40 ಕಥೆಗಳನ್ನು ಆರಿಸಿ, ಸುಲಭವಾದ 20 ಕಥೆಗಳಿಗೆ ಐದೈದು ಪ್ರತಿ, ಉಳಿದ 20 ಕಥೆಗಳಿಗೆ ಎರಡು–ಮೂರು ಪ್ರತಿ ಮಾಡಿಕೊಳ್ಳಿ. ಸುಲಭದವೇ ಹೆಚ್ಚು ಬೇಕು. ಶಾಲೆಯ ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಬಹುಪಾಲು 4ನೇ ತರಗತಿಗೂ ಕಠಿಣವಾದವು. ದಾನವಾಗಿ ಬರುವವೂ ಅಂಥವೇ.

ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಕಥೆಗಳಿವೆ, ನಾಲ್ಕು ಹಂತಗಳಲ್ಲಿ ವಿಂಗಡಿಸಿವೆ, ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಲು ಯಾರ ಅನುಮತಿಯೂ ಬೇಡ. ಲೇಖಕರ, ಚಿತ್ರಕಾರರ ಹೆಸರಿರುವ ಪುಟವನ್ನು ಮಾತ್ರ ತೆಗೆಯಬೇಡಿ.

ಮುದ್ರಿಸುವಾಗ ಆಗುವ ತಪ್ಪುಗಳು ಇವು:

ಪುಟ್ಟ ಪುಸ್ತಕವಾಗಿ ಮಡಚಿ ನಡುವೆ ಪಿನ್ ಹೊಡೆಯಬೇಕಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 16 ಪುಟದ ಕಥೆಗೆ ಎ4 ಅಳತೆಯ 4 ಹಾಳೆ. 14 ಪುಟವಿದ್ದರೆ ಕೊನೆಗೆ ಎರಡು ಖಾಲಿ ಪುಟ ಸೇರಿಸಿ; ಅದರಲ್ಲಿ ಮಕ್ಕಳು ಚಿತ್ರ ಬರೆಯಲಿ. ಎರಡೂ ಬದಿ ಮುದ್ರಿಸುವಾಗ ಹಾಳೆಯನ್ನು ಚಿಕ್ಕ ಅಂಚಿನ ಕಡೆಗೆ ತಿರುಗಿಸುವ ಆಯ್ಕೆ ಕೊಡಿ. ಉದ್ದ ಅಂಚು ಕೊಟ್ಟರೆ ಒಂದು ಬಿಟ್ಟು ಒಂದು ಪುಟ ತಲೆಕೆಳಗಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ ನೋಡಿ, ಆಮೇಲೆ ಉಳಿದದ್ದು. 1 ಮತ್ತು 2ನೇ ತರಗತಿಗೆ ಅಕ್ಷರದ ಅಳತೆ 20 ಪಾಯಿಂಟಿಗಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಒತ್ತಕ್ಷರ ಕಣ್ಣಿಗೇ ಬೀಳುವುದಿಲ್ಲ. ನೀವೇ ಟೈಪ್ ಮಾಡಿದ ಕಥೆಯಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿಕೊಂಡು ಅಂಗಡಿಗೆ ಒಯ್ಯಿರಿ. ಹಳೆಯ ನುಡಿ, ಬರಹ ಫಾಂಟಿನ ಕಡತವನ್ನು ಮುಂಬಯಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಕಾಣಿಸುತ್ತವೆ.

ಮೆಟ್ಟಿಲಿಗೊಂದು ಬಣ್ಣದ ಟೇಪನ್ನು ಪುಸ್ತಕದ ಬೆನ್ನಿಗೆ ಅಂಟಿಸಿ. ಅಂಕೆ ಬರೆಯಬೇಡಿ. ‘ನೀನಿನ್ನೂ ಒಂದರಲ್ಲೇ ಇದ್ದೀಯ’ ಎಂಬ ಮಾತು ಮಕ್ಕಳ ನಡುವೆ ಮರುದಿನವೇ ಶುರುವಾಗುತ್ತದೆ.

ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಮಾಧ್ಯಮ, ಮಧ್ಯಾಹ್ನ ಇನ್ನೊಂದು ಇರುವುದು ಸಾಮಾನ್ಯ. ಗೋಡೆಯ ಮೇಲೆ ಕಾಯಂ ಗ್ರಂಥಾಲಯ ಮಾಡಲು ಆಗುವುದಿಲ್ಲ. ಕಿಟಕಿಯಿಂದ ಕಿಟಕಿಗೆ ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕ ತೂಗುಹಾಕಿ. ಮುಖಪುಟ ಕಾಣುತ್ತದೆ, 1ನೇ ತರಗತಿಯ ಮಗುವಿನ ಕೈಗೂ ಎಟಕುತ್ತದೆ, ಪಾಳಿ ಮುಗಿದ ಮೇಲೆ ಐದು ನಿಮಿಷದಲ್ಲಿ ಬಿಚ್ಚಿ ಪೆಟ್ಟಿಗೆಗೆ ಹಾಕಬಹುದು.

ಆರು ವಾರ, ದಿನಕ್ಕೆ 20 ನಿಮಿಷ

ಹಬ್ಬದ ಜೀವ ಇರುವುದು ಇಲ್ಲಿ. ಮೊದಲ ಗಂಟೆಯಲ್ಲೇ ಇಡಿ. ಕೊನೆಯ ಗಂಟೆಗೆ ಇಟ್ಟದ್ದು ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗುತ್ತದೆ.

ಮೊದಲ 5 ನಿಮಿಷ ಶಿಕ್ಷಕರು ಗಟ್ಟಿಯಾಗಿ ಓದುತ್ತಾರೆ, ಮಕ್ಕಳು ಕೇಳುತ್ತಾರೆ. ಮುಂದಿನ 12 ನಿಮಿಷ ಜೋಡಿ ಓದು. ಕೊನೆಯ 3 ನಿಮಿಷ ಒಂದೆರಡು ಮಕ್ಕಳು ತಾವು ಓದಿದ್ದರಲ್ಲಿ ಏನಾಯಿತು ಎಂದು ಹೇಳುತ್ತಾರೆ.

ಜೋಡಿ ಮಾಡುವಾಗ ಅತಿ ಚೆನ್ನಾಗಿ ಓದುವವರನ್ನು ಅಕ್ಷರವೂ ಬಾರದವರ ಜೊತೆ ಹಾಕುವ ವಾಡಿಕೆಯಿದೆ. ಅದರಿಂದ ಇಬ್ಬರಿಗೂ ನಷ್ಟ: ಒಬ್ಬರು ತಾವೇ ಓದಿ ಮುಗಿಸುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಒಂದೇ ಮೆಟ್ಟಿಲಿನ ಅಥವಾ ಪಕ್ಕದ ಮೆಟ್ಟಿಲಿನ ಮಕ್ಕಳನ್ನು ಜೋಡಿ ಮಾಡಿ. ಒಂದು ಪುಟ ಇವಳು, ಒಂದು ಪುಟ ಅವನು. ವಾರಕ್ಕೊಮ್ಮೆ, ಶುಕ್ರವಾರ, 4ನೇ ತರಗತಿಯವರು 1ನೇ ತರಗತಿಯವರಿಗೆ ಓದಿ ಹೇಳಲಿ. ಓದಿನಲ್ಲಿ ಹಿಂದಿರುವ ದೊಡ್ಡ ಮಕ್ಕಳಿಗೆ ಸಣ್ಣ ಪುಸ್ತಕ ಹಿಡಿಯಲು ನಾಚಿಕೆ. ತಮ್ಮ–ತಂಗಿಯರಿಗೆ ಓದಿ ಹೇಳಲೆಂದು ಕೊಟ್ಟರೆ ಅದೇ ಪುಸ್ತಕವನ್ನು ನಾಲ್ಕು ಸಲ ಅಭ್ಯಾಸ ಮಾಡುತ್ತಾರೆ.

ಮುಂಬಯಿಯ ಮಕ್ಕಳ ಓದಿನಲ್ಲಿ ಎರಡು ತೊಡಕು ಪದೇ ಪದೇ ಕಾಣುತ್ತವೆ. ಎರಡೂ ದಡ್ಡತನವಲ್ಲ, ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವುದರ ಫಲ.

ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲ. ಹಾಗಾಗಿ ‘ಬೆಳೆ’ಯೂ ‘ಬೇಳೆ’ಯೂ ಮಗುವಿನ ಕಣ್ಣಿಗೆ ಒಂದೇ. ಬೆಳೆ–ಬೇಳೆ, ಕೆರೆ–ಕೇರೆ, ಕೊಡು–ಕೋಡು, ತೆರು–ತೇರು ಎಂಬ ಜೋಡಿಗಳನ್ನು ಪೋಸ್ಟ್‌ಕಾರ್ಡ್ ಅಳತೆಯ ಕಾರ್ಡಿನಲ್ಲಿ ಬರೆದು, ದೀರ್ಘದ ಗುರುತನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಯಿರಿ. ನೀವು ಪದ ಹೇಳಿ, ಮಗು ಕಾರ್ಡ್ ಎತ್ತಲಿ. ದಿನಕ್ಕೆ ಎರಡೇ ಜೋಡಿ. ವಾರ ಕಳೆದ ಮೇಲೆ ಕೆಂಪು ಶಾಯಿ ಇಲ್ಲದ ಕಾರ್ಡು ಕೊಡಿ.

ಎರಡನೆಯದು ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಮೊದಲು ಉಚ್ಚಾರವಾಗುತ್ತದೆ, ಗುರುತು ಮಾತ್ರ ಯಕಾರದ ನಂತರ ಬರುತ್ತದೆ. ದೇವನಾಗರಿಯಲ್ಲಿ ಅದೇ ರ್ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಮಗು ಕಂಡ ಕ್ರಮದಲ್ಲೇ ‘ಸೂಯರ್’ ಎಂದು ಓದುತ್ತದೆ. ‘ತಪ್ಪು’ ಎನ್ನುವ ಬದಲು ಬೆರಳನ್ನು ಅರ್ಕಾವತ್ತಿನ ಮೇಲಿಟ್ಟು ‘ಮೊದಲು ಇದನ್ನು ಹೇಳು, ಆಮೇಲೆ ಹಿಂದಿನ ಅಕ್ಷರ’ ಎಂದು ತೋರಿಸಿ. ವರ್ಷ, ಮಾರ್ಗ, ಅರ್ಧ, ಬರ್ಫಿ ಹೀಗೆ ಹತ್ತು ಪದ ಆಗುವಷ್ಟರಲ್ಲಿ ಬೆರಳು ತಾನೇ ಅಲ್ಲಿಗೆ ಹೋಗುತ್ತದೆ.

ಇನ್ನು ಮನೆಯ ಮಾತು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಕನ್ನಡ ಒಂದು ಬಗೆ, ತುಳು, ಕೊಂಕಣಿ, ಲಂಬಾಣಿ, ದಖನಿ ಮನೆಯವರದು ಇನ್ನೊಂದು. ‘ಹೋಗುತ್ತಾನೆ’ ಎಂದಿರುವುದನ್ನು ಮಗು ‘ಹೋಗ್ತಾನ’ ಎಂದು ಓದಿದರೆ ಅದು ಓದಿ, ಅರ್ಥಮಾಡಿಕೊಂಡು, ತನ್ನ ಮಾತಿಗೆ ತಿರುಗಿಸಿ ಹೇಳಿದೆ ಎಂದರ್ಥ. ಅಲ್ಲಿ ತಿದ್ದಬೇಡಿ.

ಓದಿನ ಚೀಟಿ

ಮಗುವಿಗೊಂದು ದಪ್ಪ ಕಾಗದದ ಚೀಟಿ ಕೊಡಿ. ನಾಲ್ಕು ಕಲಂ: ದಿನಾಂಕ, ಪುಸ್ತಕ, ಇಷ್ಟವಾದ ಒಂದು ಪದ, ಕೇಳಿದವರ ಗುರುತು. ಎಷ್ಟು ಪುಸ್ತಕ ಎಂಬ ಲೆಕ್ಕಕ್ಕೆ ಬಹುಮಾನ ಇಟ್ಟಿರೋ ಕೆಟ್ಟಿತು. ಮಕ್ಕಳು ಹಾಳೆ ತಿರುಗಿಸಿ ಹೆಸರು ಬರೆಯಲು ಕಲಿಯುತ್ತಾರೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿದರೂ ಚೀಟಿಯಲ್ಲಿ ಪ್ರತಿ ಸಲವೂ ಜಾಗ ಇರಲಿ. ಓದು ಹರಿಯುವುದು ಆ ಮರು ಓದಿನಲ್ಲೇ.

ಅಪ್ಪ–ಅಮ್ಮನಿಗೆ ಓದು ಬಾರದಿದ್ದರೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು, ಹೂವಿನ ಚಿತ್ರ, ಏನಾದರೂ ನಡೆಯುತ್ತದೆ. ಅವರು ಮಾಡಬೇಕಾದ್ದು ಕೇಳುವುದೊಂದೇ. ರಾತ್ರಿ ಪಾಳಿಯ ಹೋಟೆಲ್ ಕೆಲಸದವರು, ಕತ್ತಲಾದ ಮೇಲೆ ಮನೆ ಸೇರುವವರು ಇದ್ದಾರೆ. ಅಂಥ ಮನೆಯಲ್ಲಿ ಅಕ್ಕನೋ ಪಕ್ಕದ ಖೋಲಿಯ ಅಜ್ಜಿಯೋ ಕೇಳಲಿ. ಮಗು ಓದಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಯಾಗಿ ಕಳಿಸಿದರೆ ಅಪ್ಪ ಲೋಕಲ್ ರೈಲಿನಲ್ಲೂ ಕೇಳಬಹುದು.

ಹಬ್ಬದ ದಿನ

ಹಿಂದಿನ ವಾರವೇ ಮೊದಲ ವಾರದ ಹಾಳೆಗಳಿಂದ ಮತ್ತೊಮ್ಮೆ ಓದಿಸಿ, ಹೊಸ ಮೆಟ್ಟಿಲನ್ನು ಬರೆದುಕೊಳ್ಳಿ. ಹಬ್ಬದ ದಿನ ಅಳೆಯುವ ಕೆಲಸ ಬೇಡ.

ಕೇಳುಗರು 20 ಜನ ಬೇಕು. ಒಬ್ಬರಿಗೆ ಆರು ಮಕ್ಕಳು, ಮಗುವಿಗೆ ಐದು ನಿಮಿಷ, ಅರ್ಧ ಗಂಟೆಯಲ್ಲಿ 120 ಮಕ್ಕಳೂ ಓದಿ ಮುಗಿಸುತ್ತಾರೆ. ತಾಯಂದಿರು, ಹಳೆಯ ವಿದ್ಯಾರ್ಥಿಗಳು, ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಸಂಸ್ಥೆಗಳ ಸದಸ್ಯರು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳು ಹೀಗೆ ಮೂರು ವಾರ ಮೊದಲೇ ಕೇಳಿಕೊಳ್ಳಿ. ನಾಲ್ಕು ಜನರನ್ನು ಹೆಚ್ಚಿಗೆ ಕರೆಯಿರಿ. ಶನಿವಾರ ಬೆಳಿಗ್ಗೆ ಮೂವರಾದರೂ ತಪ್ಪಿಸಿಕೊಳ್ಳುತ್ತಾರೆ. ಕೇಳುಗರ ಕೈಗೆ ಕೊಡುವ ಚೀಟಿಯಲ್ಲಿ ಇಷ್ಟು ಬರೆದಿರಲಿ: ಪಕ್ಕದಲ್ಲಿ ಕೂರಿ, ಎದುರಿಗೆ ಮೇಜು ಬೇಡ. ಮಗು ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಆ ಪದ ಹೇಳಿಬಿಡಿ, ಅಕ್ಷರ ಬಿಡಿಸಲು ಒತ್ತಾಯಿಸಬೇಡಿ. ಓದಿದ ಮೇಲೆ ಕಥೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿ. ಅಂಕ ಕೊಡಬೇಡಿ.

ಬೆಳಗಿನ ಪಾಳಿಯ ಶಾಲೆಗೆ ವೇಳಾಪಟ್ಟಿ ಹೀಗಿರಲಿ: 8.30ಕ್ಕೆ ನಾಡಗೀತೆ, ಸ್ವಾಗತ, ಒಟ್ಟು 10 ನಿಮಿಷ. 8.45ರಿಂದ 9.30 ಮಕ್ಕಳ ಓದು. 9.30ರಿಂದ 10.30 ಮೂಲೆಗಳು. 10.30ಕ್ಕೆ ತಿಂಡಿ. 10.50ರಿಂದ 11.30 ಪ್ರಗತಿ ಪತ್ರ. ಮಧ್ಯಾಹ್ನದ ಶಾಲೆಯವರು ಬರುವ ಹೊತ್ತಿಗೆ ಹಗ್ಗ, ಚಾಪೆ ಎಲ್ಲ ಎತ್ತಿರಬೇಕು. ಓದಿಗೆ ಅರ್ಧ ಗಂಟೆ ಸಾಕಾದರೂ 45 ನಿಮಿಷ ಇಟ್ಟಿರುವುದು ಮಕ್ಕಳು ಜಾಗ ಬದಲಿಸಲು ಹಿಡಿಯುವ ಹೊತ್ತಿಗಾಗಿ.

ಮೂಲೆಗಳು ನಾಲ್ಕಿದ್ದರೆ ಸಾಕು, 30 ಮಕ್ಕಳಂತೆ 15 ನಿಮಿಷಕ್ಕೊಮ್ಮೆ ಬದಲು: ಪುಟ್ಟ ಪುಸ್ತಕ ತಯಾರಿ, ಪದಬಂಧ, ಚಿತ್ರ ನೋಡಿ ಕಥೆ ಕಟ್ಟುವುದು, ಮನೆಮಾತಿನ ಕಥೆ. ಕೊನೆಯದಕ್ಕೆ ತುಳು, ಲಂಬಾಣಿ, ದಖನಿ ಮಾತಾಡುವ ಅಜ್ಜಿಯರನ್ನೇ ಕರೆಯಿರಿ. ಅದೇ ಕಟ್ಟಡದ ಮರಾಠಿ ಶಾಲೆಯ ಮಕ್ಕಳನ್ನೂ ಕರೆದು ಒಂದು ಕಥೆಯನ್ನು ಎರಡೂ ಭಾಷೆಯಲ್ಲಿ ಓದಿಸಿದರೆ ನೆರೆಹೊರೆಯೂ ಬೆಳೆಯುತ್ತದೆ.

ಅತಿಥಿಗಳಿಂದ ಭಾಷಣದ ಬದಲು ಕಥೆ ಓದಿಸಿ. ಪುಸ್ತಕವನ್ನು ಒಂದು ವಾರ ಮೊದಲೇ ಅವರಿಗೆ ಕಳಿಸಿ. ಶಾಲು, ಹಾರ, ನೆನಪಿನ ಕಾಣಿಕೆ ಎಂದು ಶುರುವಾದರೆ 40 ನಿಮಿಷ ಹೋಗುತ್ತದೆ, ನೆಲದ ಮೇಲೆ ಕೂತ 6 ವರ್ಷದ ಮಕ್ಕಳು ಅಷ್ಟರಲ್ಲಿ ದಣಿದಿರುತ್ತಾರೆ. ಬಂದವರೆಲ್ಲರಿಗೂ ಮಕ್ಕಳು ಮಾಡಿದ ಪುಟಗುರುತಿನ ಪಟ್ಟಿ ಕೊಟ್ಟರೆ ಸಾಕು.

ಪ್ರಗತಿ ಪತ್ರ

‘ಉತ್ತಮ’, ‘ಅತ್ಯುತ್ತಮ’ ಎಂದು ಅಚ್ಚು ಹಾಕಿಸಬೇಡಿ. ಪ್ರತಿ ಮಗುವಿಗೂ ತರಗತಿಯ ಶಿಕ್ಷಕರು ಕೈಯಾರೆ ಒಂದು ವಾಕ್ಯ ಬರೆಯಬೇಕು. ‘ಒತ್ತಕ್ಷರವಿರುವ ಪದಗಳನ್ನು ಬಿಡಿಸಿ ಓದಲು ಕಲಿತಳು.’ ‘ಬೆಳೆಗೂ ಬೇಳೆಗೂ ಇರುವ ವ್ಯತ್ಯಾಸ ಹಿಡಿದ.’ ‘ಪೂರ್ಣವಿರಾಮಕ್ಕೆ ನಿಂತು, ಪ್ರಶ್ನೆಗೆ ದನಿ ಏರಿಸಿ ಓದುತ್ತಾಳೆ.’ 30 ವಾಕ್ಯಕ್ಕೆ ಎರಡು ಸಂಜೆ ಬೇಕು, ಆ ಎರಡು ಸಂಜೆಯನ್ನು ಬೇರೆ ಯಾವ ಸಿದ್ಧತೆಗೂ ಬಿಟ್ಟುಕೊಡಬೇಡಿ. ಮೆಟ್ಟಿಲು ಬದಲಾಗದ ಮಗುವಿಗೂ ಬರೆಯಲು ಇದ್ದೇ ಇರುತ್ತದೆ: ದಿನವೂ ಪುಸ್ತಕ ಕೈಗೆತ್ತಿಕೊಂಡಿತು, ಹನ್ನೆರಡು ಹೊಸ ಅಕ್ಷರ ಗುರುತಿಸಿತು. ಸುಳ್ಳು ಹೊಗಳಿಕೆ ಮಾತ್ರ ಬೇಡ, ಮಕ್ಕಳಿಗೆ ಅದು ತಟ್ಟನೆ ತಿಳಿಯುತ್ತದೆ.

ಹೆಸರನ್ನು ದಾಖಲೆಯಿಂದ ನಕಲು ಮಾಡುವ ಮುನ್ನ ಮನೆಯವರನ್ನು ಕೇಳಿ. ದಾಖಲೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು, ಅಲ್ಲಿಂದ ಕನ್ನಡಕ್ಕೆ ಬಂದಾಗ ಮಲ್ಲಮ್ಮ ಮಲಮ್ಮ ಆಗಿರುತ್ತಾಳೆ. ತನ್ನ ಹೆಸರನ್ನು ತಾನೇ ಓದಲು ಕಲಿತ ಮಗುವಿಗೆ ತಪ್ಪು ಹೆಸರಿನ ಪತ್ರ ಕೊಡುವುದು ಸಲ್ಲ.

ಪತ್ರದ ಜೊತೆ ಪ್ರತಿಯೊಬ್ಬರಿಗೂ ಒಂದು ಪುಸ್ತಕ, ಮಗುವಿನ ಹೊಸ ಮೆಟ್ಟಿಲಿಗೆ ಹೊಂದುವಂಥದ್ದು. ಹಣ ಸಾಲದಿದ್ದರೆ ಶಾಲೆಯಲ್ಲೇ ಮಡಚಿ ಪಿನ್ ಹೊಡೆದ ಪುಸ್ತಕ ಕೊಡಿ. ಟ್ರೋಫಿಗೆ ಕೊಡುವ ದುಡ್ಡು ಇದಕ್ಕೆ ಸೇರಲಿ. ಫೋಟೋ ತೆಗೆದು ಗುಂಪಿಗೆ ಹಾಕುವ ಮುನ್ನ ಪಾಲಕರ ಒಪ್ಪಿಗೆ ಪಡೆಯಿರಿ, ಮಗುವಿನ ಹೆಸರಿನ ಜೊತೆ ಮೆಟ್ಟಿಲನ್ನು ಎಲ್ಲೂ ಹಾಕಬೇಡಿ.

ಹಬ್ಬ ಮುಗಿದ ಮೇಲೆ

ದಿನದ 20 ನಿಮಿಷ ನಿಲ್ಲಬಾರದು. ಮೂರನೆಯ ಮೆಟ್ಟಿಲಿನ ಕೆಳಗೇ ಉಳಿದ ಮಕ್ಕಳಿಗೆ ಫೆಬ್ರವರಿ ಪೂರ್ತಿ ಇನ್ನೂ 15 ನಿಮಿಷ ಹೆಚ್ಚು ಕೊಡಿ. ಊರಿಗೆ ಹೋಗಿ ಅಲ್ಲಿಯ ಶಾಲೆಗೇ ಸೇರಿಬಿಡುವ ಮಕ್ಕಳಿರುತ್ತಾರೆ. ಓದಿನ ಚೀಟಿಯ ಹಿಂದೆ ಈಗಿನ ಮೆಟ್ಟಿಲು ಬರೆದು ಮಗುವಿನ ಜೊತೆಗೇ ಕಳಿಸಿ, ಅಲ್ಲಿನ ಶಿಕ್ಷಕರು ಮತ್ತೆ ಮೊದಲಿಂದ ಶುರುಮಾಡಬೇಕಾಗುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ಪುಸ್ತಕಗಳನ್ನು ಒಂದು ಗಂಟೆ ಎಳೆಬಿಸಿಲಿಗೆ ಹರಡಿ, ಪಿನ್ ತುಕ್ಕು ಹಿಡಿದವನ್ನು ಬಿಚ್ಚಿ ದಾರದಿಂದ ಹೊಲಿಯಿರಿ. ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಪುಸ್ತಕಗಳ ಜೊತೆ ಇಡಿ. ಹಸಿ ಎಲೆ ಹಾಕಿದರೆ ಅದರ ತೇವಕ್ಕೇ ಬೂಷ್ಟು ಹಿಡಿಯುತ್ತದೆ. ಡಬ್ಬ ನೆಲ ಅಂತಸ್ತಿನಲ್ಲಿ ಬೇಡ. ಅಲ್ಲಿಯೇ ಇಡಬೇಕಾಗಿ ಬಂದರೆ ಬೆಂಚಿನ ಮೇಲಿಡಿ, ಗೋಡೆಗೆ ತಾಗದಂತೆ ಒಂದು ಗೇಣು ಬಿಡಿ. ಜುಲೈ ಮಳೆಯಲ್ಲಿ ನೀರು ಬಾಗಿಲಿನಿಂದ ಬರುವ ಮೊದಲು ಗೋಡೆಯಿಂದಲೇ ಜಿನುಗುತ್ತದೆ.